ಒಂದೇ ಕೈಯ ಎರಡು ಕಟ್ಟಡ

ಗೃಹಪ್ರವೇಶಕ್ಕೆ ಬರುವವರಲ್ಲಿ ಎರಡು ಬಗೆಯವರಿರುತ್ತಾರೆ. ಕೆಲವರು ಗೇಟಿನ ಹೊರಗೇ ನಿಂತು ಮನೆಯ ಮುಖವನ್ನು ನೋಡುತ್ತಾರೆ. ಬಾಲ್ಕನಿಗೆ ಗಾಜು ಹಾಕಿಸಿದ್ದಾರೆ, ಗೋಡೆಗೆ ಕಲ್ಲಿನ ಬಿಲ್ಲೆ ಕೂರಿಸಿದ್ದಾರೆ, ಎಲಿವೇಶನ್ ಚೆನ್ನಾಗಿ ಬಂದಿದೆ ಎಂದು ಮೆಚ್ಚುತ್ತಾರೆ. ಇನ್ನು ಕೆಲವರು, ಹೆಚ್ಚಾಗಿ ದಿನವೂ ಒಲೆಯ ಮುಂದೆ ನಿಲ್ಲುವವರು, ಅರಿಸಿನ ಕುಂಕುಮ ತೆಗೆದುಕೊಂಡವರೇ ನೆಟ್ಟಗೆ ಅಡುಗೆಮನೆಗೆ ನಡೆಯುತ್ತಾರೆ. ಒಗ್ಗರಣೆಯ ಹೊಗೆಗೆ ದಾರಿ ಎಲ್ಲಿ, ಪಾತ್ರೆ ತೊಳೆಯುವ ಕಡೆ ಬೆಳಕು ಬೀಳುತ್ತದೆಯೆ, ಮಳೆ ಹಿಡಿದುಕೊಂಡರೆ ಬಟ್ಟೆ ಒಣಹಾಕುವುದು ಎಲ್ಲಿ ಎಂದು ಕಣ್ಣಲ್ಲೇ ಅಳೆದುಬಿಡುತ್ತಾರೆ. ಮನೆ ಕಟ್ಟಿಸಿದವರಿಗೆ ಆ ದಿನ ಹಿತವಾಗುವುದು ಮೊದಲಿನವರ ಮಾತು. ಎರಡನೆಯವರು ಹೇಳಿದ್ದು ನೆನಪಾಗುವುದು ಮೊದಲ ಮಳೆಗಾಲ ಕಳೆದ ಮೇಲೆ.

ಲಂಡನ್ ನಗರದಲ್ಲಿ ಸೇಂಟ್ ಜೇಮ್ಸ್ ಸ್ಟ್ರೀಟ್ ಎಂಬ ಹಳೆಯ ಬೀದಿಯಿದೆ. ಅದರ ಕೆಳತುದಿಯಲ್ಲಿ, ಪಾಲ್ ಮಾಲ್ ರಸ್ತೆ ಬಂದು ಸೇರುವ ಹತ್ತಿರ, ರಸ್ತೆಯ ಆಚೆಗೊಂದು ಈಚೆಗೊಂದು ಎರಡು ಕಟ್ಟಡಗಳು ಎದುರುಬದುರಾಗಿ ನಿಂತಿವೆ. ಎರಡನ್ನೂ ಕಟ್ಟಿಸಿದ್ದು ಒಂದೇ ವಿಮಾ ಸಂಸ್ಥೆ, ಅಲಯನ್ಸ್ ಅಶ್ಯೂರೆನ್ಸ್. ಒಂದು 1882-83ರದ್ದು. ಕೆಂಪು ಇಟ್ಟಿಗೆ, ನಡುನಡುವೆ ಬಿಳಿ ಕಲ್ಲಿನ ಪಟ್ಟೆ, ಮೇಲೆ ಸೊಗಸಾದ ಮುಕ್ಕೋನದ ಮುಂಗೋಡೆಗಳು. ಹಬ್ಬಕ್ಕೆ ಉಡುಪು ತೊಟ್ಟ ಹಾಗೆ ಕಾಣುತ್ತದೆ. ಇನ್ನೊಂದು 1904-05ರದ್ದು. ಮೇಲಿನಿಂದ ಕೆಳಗಿನವರೆಗೆ ಕಲ್ಲು, ಗಂಭೀರ, ಭಾರ. ನೋಡಿದವರು ಎರಡಕ್ಕೂ ಸಂಬಂಧವೇ ಇಲ್ಲವೆಂದು ಮುಂದೆ ಹೋಗುತ್ತಾರೆ. ಆದರೆ ಎರಡೂ ರಿಚರ್ಡ್ ನಾರ್ಮನ್ ಶಾ ಎಂಬ ಒಬ್ಬರೇ ವಾಸ್ತುಶಿಲ್ಪಿಯ ಕೆಲಸ. ಎರಡನೆಯದರಲ್ಲಿ ಅವರ ಹಳೆಯ ಶಿಷ್ಯ ಅರ್ನೆಸ್ಟ್ ನ್ಯೂಟನ್ ಕೈಜೋಡಿಸಿದ್ದರು. ಈ ಶಾ ನಮಗೆ ಪರಿಚಿತರಾದ ನಾಟಕಕಾರ ಬರ್ನಾರ್ಡ್ ಶಾ ಅಲ್ಲ. ಅವರಿಗಿಂತ ಇಪ್ಪತ್ತೈದು ವರ್ಷ ಹಿರಿಯರು. ಎರಡು ಕಟ್ಟಡಗಳ ನಡುವೆ ಇರುವುದು ಒಂದು ರಸ್ತೆಯ ಅಗಲ ಮತ್ತು ಸುಮಾರು ಇಪ್ಪತ್ತೆರಡು ವರ್ಷ. ಅಷ್ಟರಲ್ಲಿ ಒಬ್ಬ ಮನುಷ್ಯ ಇಷ್ಟು ಬದಲಾಗಬಹುದೆ, ಬದಲಾದರೆ ಅದು ಚಂಚಲತೆಯೆ ಎಂಬ ಪ್ರಶ್ನೆ ಅಲ್ಲಿ ಕಲ್ಲಿನಲ್ಲೂ ಇಟ್ಟಿಗೆಯಲ್ಲೂ ನಿಂತಿದೆ.

ಶಾ ಹುಟ್ಟಿದ್ದು 1831ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ತಂದೆ ಐರ್ಲೆಂಡಿನವರು, ಸೈನ್ಯದಲ್ಲಿದ್ದವರು. ಮಗ ಚಿಕ್ಕವನಿದ್ದಾಗಲೇ ತೀರಿಕೊಂಡರು. ತಾಯಿ ಮಕ್ಕಳನ್ನು ಸಾಕಿದರು, ಆಮೇಲೆ ಸಂಸಾರ ಲಂಡನ್ನಿಗೆ ಬಂತು. ಅಲ್ಲಿ ಹುಡುಗ ಕೆಲಸ ಕಲಿಯಲು ಸೇರಿದ್ದು ವಿಲಿಯಂ ಬರ್ನ್ ಎಂಬ ಸ್ಕಾಟಿಷ್ ವಾಸ್ತುಶಿಲ್ಪಿಯ ಕಚೇರಿಗೆ. ಬರ್ನ್ ಹೆಸರಿನ ಮೇಲೆ ಇಂದು ದೊಡ್ಡ ಪ್ರಭಾವಳಿ ಇಲ್ಲ. ತಮ್ಮ ನಕ್ಷೆಗಳನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸುವುದು ಅವರಿಗೆ ಇಷ್ಟವಿರಲಿಲ್ಲ. ಆದರೆ ದೊಡ್ಡ ಮನೆಯೊಂದರ ಒಳಗೆ ಜನ ಹೇಗೆ ಓಡಾಡುತ್ತಾರೆ ಎಂಬುದನ್ನು ಅವರಷ್ಟು ಬಲ್ಲವರು ಆ ಕಾಲದಲ್ಲಿ ಕಡಿಮೆ. ಮನೆಯವರ ದಾರಿ ಯಾವುದು, ಕೆಲಸದವರ ದಾರಿ ಯಾವುದು, ಅಡುಗೆಮನೆಯಿಂದ ಊಟದ ಕೋಣೆಗೆ ಬಿಸಿ ಆರುವ ಮುನ್ನ ಪಾತ್ರೆ ಹೇಗೆ ಬರಬೇಕು, ಅಡುಗೆಯ ವಾಸನೆ ಮಾತ್ರ ಅದೇ ದಾರಿಯಲ್ಲಿ ಬರದಂತೆ ಹೇಗೆ ತಡೆಯಬೇಕು. ಇಂಥ ಸಣ್ಣ ಸಂಗತಿಗಳ ಮೇಲೆ ಬರ್ನ್ ತಮ್ಮ ವೃತ್ತಿ ಕಟ್ಟಿಕೊಂಡಿದ್ದರು. ಶಾ ಮುಂದೆ ಬೇರೆ ಬೇರೆ ಗುರುಗಳಿಂದ ಬೇರೆ ಬೇರೆ ಅಲಂಕಾರಗಳನ್ನು ಕಲಿತರು. ಈ ಮೊದಲ ಪಾಠವನ್ನು ಮಾತ್ರ ಬಹುಕಾಲ ಬಿಡಲಿಲ್ಲ. ಅವರ ಚರಿತ್ರೆ ಬರೆಯುವವರು ಬರ್ನ್ ಬಗ್ಗೆ ಎರಡು ಸಾಲು ಬರೆದು ಮುಂದೆ ಓಡುವುದು ನನಗೆ ಸ್ವಲ್ಪ ಅನ್ಯಾಯವೆಂದೇ ತೋರುತ್ತದೆ.

ರಾಯಲ್ ಅಕಾಡೆಮಿಯ ಶಾಲೆಯಲ್ಲಿ ಓದಿ, 1853ರಲ್ಲಿ ಚಿನ್ನದ ಪದಕ ಗೆದ್ದು, ಪ್ರವಾಸದ ವಿದ್ಯಾರ್ಥಿವೇತನ ಹಿಡಿದು ಶಾ ಯುರೋಪ್ ಸುತ್ತಿದರು. ಹೋದ ಕಡೆಯೆಲ್ಲ ಹಳೆಯ ಚರ್ಚುಗಳನ್ನು ಪೆನ್ಸಿಲಿನಲ್ಲಿ ಬಿಡಿಸಿಕೊಂಡು ಬಂದು, 1858ರಲ್ಲಿ ಅವನ್ನು ಪುಸ್ತಕ ಮಾಡಿದರು. ಅದು ಇಂಗ್ಲೆಂಡಿನಲ್ಲಿ ಗೋಥಿಕ್ ಶೈಲಿಯ ಜ್ವರ ಏರಿದ್ದ ಕಾಲ. ಚೂಪು ಕಮಾನು, ಆಕಾಶಕ್ಕೆ ಕೈಚಾಚುವ ಗೋಪುರ, ಬಣ್ಣದ ಗಾಜು. ಇದು ಬರಿಯ ಅಭಿರುಚಿಯ ಮಾತಾಗಿ ಉಳಿದಿರಲಿಲ್ಲ, ಧರ್ಮದ ಮಾತಾಗಿತ್ತು. ಪ್ಯೂಜಿನ್ ಎಂಬ ವಾಸ್ತುಶಿಲ್ಪಿ ಇದೇ ನಿಜವಾದ ಕ್ರೈಸ್ತ ಶೈಲಿ, ಗ್ರೀಕರ ರೋಮನರ ಕಂಬಗಳು ಅನ್ಯರ ಸೊತ್ತು ಎಂದು ಸಾರಿ ನಲವತ್ತನೆಯ ವಯಸ್ಸಿಗೇ ತೀರಿಕೊಂಡಿದ್ದರು. ಕಲಾವಿಮರ್ಶಕ ರಸ್ಕಿನ್ ತಮ್ಮ ಗದ್ಯದಿಂದ ಆ ನಂಬಿಕೆಗೆ ಇನ್ನಷ್ಟು ಎಣ್ಣೆ ಎರೆದಿದ್ದರು. ಶಾ ಕೆಲಸಕ್ಕೆ ಸೇರಿದ ಜಾರ್ಜ್ ಎಡ್ಮಂಡ್ ಸ್ಟ್ರೀಟ್ ಅವರ ಕಚೇರಿ ಆ ನಂಬಿಕೆಯ ಒಂದು ಗರ್ಭಗುಡಿ. ಅಲ್ಲಿ ಫಿಲಿಪ್ ವೆಬ್ ಎಂಬವರು ಎದ್ದುಹೋದ ಮುಖ್ಯ ಸಹಾಯಕನ ಕುರ್ಚಿಯಲ್ಲಿ ಶಾ ಕುಳಿತರು. ವೆಬ್ ಹೆಸರು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸ್ವಂತ ಕಚೇರಿ ತೆರೆದ ಮೇಲೆ ಶಾ ಗೋಥಿಕ್ ಚರ್ಚು ಕಟ್ಟಿದರು. ಯಾರ್ಕ್‌ಷೈರಿನ ಬಿಂಗ್ಲಿಯ ಚರ್ಚು ಅವರ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು. ಒಂದು ಶತಮಾನ ಬಾಳಿದ ಅದನ್ನು 1974ರಲ್ಲಿ ಕೆಡವಿದರು. ಆದರೆ ಮನೆ ಕಟ್ಟುವ ಕೆಲಸ ಬಂದಾಗ ಅವರಿಗೆ ಒಂದು ತೊಡಕು ಕಾಣಿಸಿರಬೇಕು. ದೇವರಿಗೆ ಒಪ್ಪುವ ಚೂಪು ಕಿಟಕಿಯಲ್ಲಿ ಪರದೆ ಎಲ್ಲಿಗೆ ಸಿಕ್ಕಿಸುವುದು? ಸ್ನೇಹಿತ ನೆಸ್‌ಫೀಲ್ಡ್ ಜೊತೆ ಸಸೆಕ್ಸ್ ಕಡೆಯ ಹಳ್ಳಿಗಳಲ್ಲಿ ಅಲೆದು, ಶಾ ಅಲ್ಲಿಯ ರೈತರ ಮನೆಗಳನ್ನು ನೋಡಿದರು. ಗೋಡೆಗೂ ಹೆಂಚು ಹೊದಿಸಿದ ಮನೆಗಳು. ಮರದ ತೊಲೆ ಹೊರಗೇ ಕಾಣುವ ಮನೆಗಳು. ಎತ್ತರದ ಇಟ್ಟಿಗೆಯ ಚಿಮಣಿ, ಸೀಸದ ಪಟ್ಟಿಯಲ್ಲಿ ಕೂರಿಸಿದ ಸಣ್ಣ ಗಾಜಿನ ಚೌಕಗಳು. ಯಾವ ವಾಸ್ತುಶಿಲ್ಪಿಯ ಸಹಿಯೂ ಇಲ್ಲದ ಮನೆಗಳು ಅವು. ಚರ್ಚಿನ ಪಾಠ ಓದಿದ ಕಣ್ಣಿಗೆ ಅವು ಕೈಬರಹದ ಹಾಗೆ ಕಂಡಿರಬಹುದು. 1866ರಿಂದ ಮುಂದೆ ಅವರು ಅದೇ ಮಾತನ್ನು ದೊಡ್ಡವರ ಮನೆಗೆ ತಂದರು. ಸಸೆಕ್ಸಿನ ಗ್ರೂಂಬ್ರಿಜ್ ಬಳಿ ಕಡಲಿನ ಚಿತ್ರಕಾರ ಕುಕ್ ಅವರಿಗೆ ಗ್ಲೆನ್ ಆಂಡ್ರೆಡ್, ಆಮೇಲೆ ಹತ್ತಿರದಲ್ಲೇ ಲೀಸ್‌ವುಡ್. ಶಾ ಅವರೇ ಶಾಯಿಯಲ್ಲಿ ಬಿಡಿಸಿದ ಲೀಸ್‌ವುಡ್ ಚಿತ್ರ ಅಚ್ಚಾಗಿ ಅಟ್ಲಾಂಟಿಕ್ ದಾಟಿತು. ಅಮೆರಿಕದ ವಾಸ್ತುಶಿಲ್ಪಿಗಳು ಅದನ್ನು ನೋಡಿ ತಮ್ಮ ಮರದ ಮನೆಗಳ ರೂಪ ತಿದ್ದಿಕೊಂಡರು.

ಈ ಹಳೆಯ ಇಂಗ್ಲಿಷ್ ಶೈಲಿಯ ದೊಡ್ಡ ಉದಾಹರಣೆ ಉತ್ತರದ ನಾರ್ಥಂಬರ್‌ಲ್ಯಾಂಡಿನ ಕ್ರಾಗ್‌ಸೈಡ್. ಅದನ್ನು ಕಟ್ಟಿಸಿದವರು ನ್ಯೂಕ್ಯಾಸಲ್ಲಿನ ವಿಲಿಯಂ ಆರ್ಮ್‌ಸ್ಟ್ರಾಂಗ್, ನೀರಿನ ಒತ್ತಡದಿಂದ ನಡೆಯುವ ಕ್ರೇನುಗಳನ್ನೂ ಯುದ್ಧದ ತೋಪುಗಳನ್ನೂ ಮಾಡಿ ಶ್ರೀಮಂತರಾದವರು. ಬಂಡೆಯ ಮೇಲಿದ್ದ ಅವರ ಸಣ್ಣ ಬೇಟೆಯ ಮನೆಯನ್ನು ಹಿಗ್ಗಿಸಲು ಶಾ ಬಂದರು. ಅತಿಥಿಗಳೆಲ್ಲ ಬೇಟೆಗೆ ಹೋಗಿದ್ದ ಒಂದೇ ಹಗಲಿನಲ್ಲಿ ಇಡೀ ಹೊಸ ಮನೆಯ ರೂಪರೇಖೆ ಬಿಡಿಸಿಬಿಟ್ಟರೆಂಬ ಕಥೆಯಿದೆ. ಬಿಡಿಸಿದ್ದು ಒಂದು ದಿನವಾದರೂ ಕಟ್ಟಿದ್ದು ಸುಮಾರು ಹದಿನೈದು ವರ್ಷ, ಬಿಟ್ಟು ಬಿಟ್ಟು. ಮನೆ ಕಟ್ಟಿಸಿ ನೋಡು ಎನ್ನುವ ನಮ್ಮ ಗಾದೆ ತೋಪಿನ ಸಾಹುಕಾರರನ್ನೂ ಬಿಡಲಿಲ್ಲ. ಹೊರಗಿನಿಂದ ನೋಡಿದರೆ ಅದು ನಾಲ್ಕು ಶತಮಾನ ಹಳೆಯ ಮನೆಯ ವೇಷ: ಗೋಪುರ, ಮರದ ಚೌಕಟ್ಟು, ಮೇಲೆದ್ದ ಚಿಮಣಿಗಳು. ಒಳಗೆ ಅಂದಿನ ಜಗತ್ತಿನಲ್ಲೇ ಹೊಸತೆನಿಸಿದ್ದು. ಆವರಣದ ಕೆರೆಯ ನೀರಿನಿಂದ ವಿದ್ಯುತ್ ತೆಗೆದು 1878ರಲ್ಲಿ ಚಿತ್ರಶಾಲೆಗೆ ದೀಪ ಹಾಕಿದರು. 1880ರಲ್ಲಿ ಜೋಸೆಫ್ ಸ್ವಾನ್ ಅವರ ಹೊಸ ಬಲ್ಬುಗಳು ಬಂದವು. ಜಲವಿದ್ಯುತ್ತಿನಿಂದ ಬೆಳಗಿದ ಮೊದಲ ಮನೆ ಎಂದು ಅದರ ಖ್ಯಾತಿ. ನೀರೇ ಲಿಫ್ಟನ್ನು ಏರಿಸುತ್ತಿತ್ತು, ಅಡುಗೆಮನೆಯಲ್ಲಿ ಮಾಂಸ ಸುಡುವ ಸರಳನ್ನು ತಿರುಗಿಸುತ್ತಿತ್ತು.

ಆ ಮನೆಯಲ್ಲಿ ನನಗೆ ಹಿಡಿಸುವುದು ಊಟದ ಕೋಣೆಯ ಒಂದು ಮೂಲೆ. ದೊಡ್ಡ ಕಲ್ಲಿನ ಕಮಾನು, ಅದರೊಳಗೆ ಬೆಂಕಿಗೂಡು, ಬೆಂಕಿಯ ಎಡಬಲಕ್ಕೆ ಎರಡು ಆಸನ, ಪಕ್ಕದಲ್ಲಿ ವಿನ್ಯಾಸಕಾರ ವಿಲಿಯಂ ಮಾರಿಸ್ ಅವರ ಸಂಸ್ಥೆಯ ಬಣ್ಣದ ಗಾಜು. ಎಲ್ಲಿಗೆ ಹೋದರೂ ಮನೆಗೆ ಸಮವಿಲ್ಲ ಎಂಬರ್ಥದ ಸ್ಕಾಟಿಷ್ ಗಾದೆಯನ್ನು ಅಲ್ಲಿ ಕಲ್ಲಿನಲ್ಲಿ ಕೆತ್ತಿದ್ದಾರೆ. ಆರ್ಮ್‌ಸ್ಟ್ರಾಂಗ್ ಆ ಮೂಲೆಯಲ್ಲಿ ನಾಯಿಗಳ ಜೊತೆ ಕುಳಿತು ಪತ್ರಿಕೆ ಓದುತ್ತಿರುವ ವರ್ಣಚಿತ್ರವೂ ಇದೆ. ದೇಶದೇಶಗಳಿಗೆ ತೋಪು ಮಾರಿದ ಮನುಷ್ಯ ಸಂಜೆಗೆ ಬಯಸಿದ್ದು ಇಷ್ಟು ಜಾಗ. ಶಾ ತಮ್ಮ ಶೈಲಿ ಎಷ್ಟು ಬಾರಿ ಬದಲಿಸಿದರೂ ಇಂಥ ಬೆಂಕಿಯ ಮೂಲೆಯನ್ನು ಮತ್ತೆ ಮತ್ತೆ ಕಟ್ಟುತ್ತ ಹೋದರು. 1870ರ ದಶಕದ ನಡುವೆ ಹ್ಯಾಂಪ್‌ಸ್ಟೆಡ್ಡಿನ ಎಲರ್‌ಡೇಲ್ ರಸ್ತೆಯಲ್ಲಿ ತಮಗಾಗಿ ಮನೆ ಕಟ್ಟಿಕೊಂಡಾಗ, ಊಟದ ಕೋಣೆಯಲ್ಲಿ ಅಂಥದೇ ಮೂಲೆ ಮಾಡಿ, ಅದರ ನೆತ್ತಿಯ ಮೇಲೆ ಹತ್ತಿಹೋಗುವಂತೆ ಪುಟ್ಟ ಕೋಣೆಯೊಂದನ್ನು ಇಟ್ಟುಕೊಂಡರು. ಕೂತು ನಕ್ಷೆ ಬರೆಯುತ್ತಿದ್ದದ್ದು ಅಲ್ಲೇ. ಸಂಸಾರ ಕೆಳಗೆ ಬೆಂಕಿಯ ಸುತ್ತ, ಯಜಮಾನರು ಅದೇ ಬೆಂಕಿಯ ಬಿಸಿಯಲ್ಲಿ ಮೇಲೆ.

ಅಷ್ಟು ಹೊತ್ತಿಗೆ ಶಾ ಇನ್ನೊಮ್ಮೆ ಬದಲಾಗಿದ್ದರು. ಹಳ್ಳಿಯ ಮನೆಯ ವೇಷ ಪೇಟೆಗೆ ಒಗ್ಗುವುದಿಲ್ಲ. ಲಂಡನ್ನಿನ ವ್ಯಾಪಾರದ ಕೇರಿಯಾದ ಲೆಡನ್‌ಹಾಲ್ ಸ್ಟ್ರೀಟಿನಲ್ಲಿ 1871ರಿಂದ 73ರವರೆಗೆ ನ್ಯೂಜಿಲೆಂಡ್ ಚೇಂಬರ್ಸ್ ಎಂಬ ಕಚೇರಿ ಕಟ್ಟಡ ಎದ್ದಿತು. ಕಟ್ಟಿಸಿದ್ದು ಅವರ ಅಣ್ಣ ರಾಬರ್ಟ್ ಪಾಲುದಾರನಾಗಿದ್ದ ಶಾ ಸ್ಯಾವಿಲ್ ಎಂಬ ಹಡಗಿನ ಸಂಸ್ಥೆ. ಇಕ್ಕಟ್ಟಾದ ಬೀದಿ, ಎರಡೂ ಕಡೆ ಎತ್ತರದ ಗೋಡೆ, ಲಂಡನ್ನಿನ ಮಸಿ ಹಿಡಿದ ಆಕಾಶ. ಆಗಿನ ಗುಮಾಸ್ತರು ಹಗಲಲ್ಲೇ ದೀಪ ಹಚ್ಚಿ ಲೆಕ್ಕ ಬರೆಯುವ ಜಾಗ. ಗಂಭೀರವಾದ ಕಲ್ಲಿನ ಮುಖ ಕಟ್ಟುವುದು ಅಲ್ಲಿಯ ರೂಢಿ. ಶಾ ಏನು ಮಾಡಿದರೆಂದರೆ, ಇಪ್ಸ್‌ವಿಚ್ ಪಟ್ಟಣದ ಒಂದು ಹದಿನೇಳನೆಯ ಶತಮಾನದ ಮನೆಯ ಕಿಟಕಿಗಳನ್ನು ನೆನಪು ಮಾಡಿಕೊಂಡರು. ಗೋಡೆಯಿಂದ ಮುಂದಕ್ಕೆ ಚಾಚಿ, ಮೂರು ಬದಿಗೂ ಗಾಜು ಹೊತ್ತ ಕಿಟಕಿಗಳು ಅವು. ಕೆಂಪು ಇಟ್ಟಿಗೆಯ ಎತ್ತರದ ಕಂಬಗಳ ನಡುವೆ ಅವನ್ನು ಮಹಡಿಯ ಮೇಲೆ ಮಹಡಿಯಾಗಿ ನೇತುಹಾಕಿದರು. ನೋಡಿದವರು ಹುಬ್ಬೇರಿಸಿದರು. ಒಳಗೆ ಕುಳಿತು ಬರೆಯುವವರಿಗೆ ಮಾತ್ರ ಬೆಳಕು ಬಂತು. ಆ ಕಟ್ಟಡ ಎರಡನೆಯ ಮಹಾಯುದ್ಧದ ಬಾಂಬಿಗೆ ಹೋಯಿತು. ಉಳಿದಿದ್ದರೆ ಅವರ ಕಟ್ಟಡಗಳಲ್ಲಿ ಮೊದಲು ನೋಡಬೇಕಾದದ್ದು ಅದೇ ಎನ್ನುತ್ತೇನೆ.

ಕೆಂಪು ಇಟ್ಟಿಗೆ, ಬಿಳಿ ಬಣ್ಣದ ಮರದ ಕಿಟಕಿ, ಅಲ್ಲಲ್ಲಿ ಸುಟ್ಟಮಣ್ಣಿನ ಸೂರ್ಯಕಾಂತಿ ಹೂ. ಜನ ಇದನ್ನು ಕ್ವೀನ್ ಆನ್ ಶೈಲಿ ಎಂದು ಕರೆದರು. ಆನ್ ರಾಣಿ ಆಳಿದ್ದು 1702ರಿಂದ 1714ರವರೆಗೆ. ಈ ಶೈಲಿಗೆ ಸೇರಿದ ಅರ್ಧಕ್ಕೂ ಹೆಚ್ಚು ಸಾಮಾನು ಅವಳ ಕಾಲದ್ದೇ ಅಲ್ಲ. ಹೆಸರಿನ ಬಗ್ಗೆ ಶಾ ತಲೆ ಕೆಡಿಸಿಕೊಂಡಂತೆ ಕಾಣುವುದಿಲ್ಲ. ಕೆನ್ಸಿಂಗ್ಟನ್ನಿನಲ್ಲಿ ಲೌದರ್ ಲಾಡ್ಜ್ ಕಟ್ಟಿದರು, ಈಗ ಅದು ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಮನೆ. ಥೇಮ್ಸ್ ದಂಡೆಯ ಚೆಲ್ಸಿಯಲ್ಲಿ ಸಾಲು ಮನೆ ಕಟ್ಟಿದರು. ಆಲ್ಬರ್ಟ್ ಹಾಲ್ ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿದರು. ಒಂದೇ ಬಾಗಿಲಿನಿಂದ ಹತ್ತಾರು ಸಂಸಾರ ಒಳಹೋಗುವುದು ಅಲ್ಲಿಯ ಅನುಕೂಲಸ್ಥರಿಗೆ ಆಗಿನ್ನೂ ಸಂಕೋಚದ ಸಂಗತಿ. 1877ರಿಂದ ಟರ್ನ್‌ಹ್ಯಾಮ್ ಗ್ರೀನ್ ರೈಲು ನಿಲ್ದಾಣದ ಹತ್ತಿರ ಜೋನಥನ್ ಕಾರ್ ಎಂಬವರು ಎಬ್ಬಿಸುತ್ತಿದ್ದ ಬೆಡ್‌ಫರ್ಡ್ ಪಾರ್ಕ್ ಬಡಾವಣೆಗೆ ಮನೆಯ ಮಾದರಿಗಳನ್ನು ಬರೆದುಕೊಟ್ಟರು. ಅವು ಕಲಾವಿದರಿಗೆ, ಬರಹಗಾರರಿಗೆ, ತಿಂಗಳ ಸಂಬಳದವರಿಗೆ ಎಟುಕುವ ಮನೆಗಳು. ಲಂಡನ್ನಿನ ರೂಢಿಯಂತೆ ಅಡುಗೆಮನೆಯನ್ನು ನೆಲಮಾಳಿಗೆಯ ಕತ್ತಲಿಗೆ ತಳ್ಳಲಿಲ್ಲ. ಅಡುಗೆ ಮಾಡುವವರೂ ನೆಲದ ಮೇಲೆ, ತೋಟದ ಬೆಳಕಿನಲ್ಲಿ ನಿಂತರು. ಇದೇ ಹೊತ್ತಿನಲ್ಲಿ ಸಿಮೆಂಟ್ ಹಲಗೆಗಳಿಂದ ಅಗ್ಗದ ಮನೆ ಕಟ್ಟುವ ಲ್ಯಾಸೆಲ್ಸ್ ಎಂಬ ಕಂಟ್ರಾಕ್ಟರಿಗೂ ಮಾದರಿಗಳನ್ನು ಬರೆದರು. ಕ್ರಾಗ್‌ಸೈಡಿನ ಸಾಹುಕಾರರ ಹತ್ತು ಟನ್ ತೂಕದ ಅಮೃತಶಿಲೆಯ ಬೆಂಕಿಗೂಡೂ ಈ ಸಿಮೆಂಟ್ ಹಲಗೆಯೂ ಒಂದೇ ಕಚೇರಿಯ ಮೇಜಿನಿಂದ ಹೊರಟವು.

ಇಲ್ಲಿ ವೆಬ್ ಅವರನ್ನು ಮತ್ತೆ ಕರೆಯಬೇಕು. ಸ್ಟ್ರೀಟ್ ಕಚೇರಿ ಬಿಟ್ಟ ಫಿಲಿಪ್ ವೆಬ್, ವಿಲಿಯಂ ಮಾರಿಸ್‌ಗೆ 1859ರಲ್ಲಿ ರೆಡ್ ಹೌಸ್ ಕಟ್ಟಿ ಹೆಸರಾದವರು. ಸಾಯುವವರೆಗೂ ಒಂದೇ ದಾರಿ ಹಿಡಿದು ನಡೆದರು. ಪ್ರಚಾರ ಬೇಡ, ವೇಷ ಬೇಡ, ಕೆಲಸ ಕಡಿಮೆಯಾದರೂ ಚಿಂತೆಯಿಲ್ಲ. ವಿಮರ್ಶಕರಿಗೆ ವೆಬ್ ಮೇಲೆ ಗೌರವ ಒಂದು ತೂಕ ಹೆಚ್ಚು. ಶಾ ಬಗ್ಗೆ ಬರೆಯುವಾಗ ಅವರ ಲೇಖನಿಯಲ್ಲಿ ಒಂದು ಸಣ್ಣ ಅನುಮಾನ ಇಣುಕುತ್ತದೆ: ಈ ಮನುಷ್ಯ ಬಹಳ ಸಲೀಸು, ಗಿರಾಕಿ ಬಂದ ಹಾಗೆ ಬಣ್ಣ ಬದಲಿಸಿದವರು. ಏಕನಿಷ್ಠೆಯನ್ನು ಗುಣವೆಂದು ಎಣಿಸುವುದು ನಮಗೂ ಅಭ್ಯಾಸ. ಮೂವತ್ತು ವರ್ಷದ ಹಿಂದೆ ಹೇಗಿದ್ದರೋ ಈಗಲೂ ಹಾಗೇ ಇದ್ದಾರೆ ಎಂದು ಯಾರನ್ನಾದರೂ ಹೊಗಳುತ್ತೇವೆ. ಆ ಹೊಗಳಿಕೆಯಲ್ಲಿ ಕೆಲವೊಮ್ಮೆ ಸತ್ಯಕ್ಕಿಂತ ಸೋಮಾರಿತನವೇ ಹೆಚ್ಚು. ಮನೆಯಲ್ಲಿ ಬೆಳೆದ ಮಗಳು ಅಪ್ಪನಿಗೆ, ನೀವು ಮೊದಲು ಹೀಗೆ ಹೇಳುತ್ತಿರಲಿಲ್ಲವಲ್ಲ ಅಪ್ಪ ಎಂದು ಕೇಳಿದಾಗ ಅಪ್ಪ ಏಕೆ ಅಷ್ಟು ಕಸಿವಿಸಿಪಡಬೇಕು? ಮಾತು ಬದಲಾಗಿದ್ದರೆ ಬದಲಾಗಿರಲಿ. ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಬದಲಾದದ್ದು ಯಾರ ಅನುಕೂಲಕ್ಕೆ? ತನ್ನ ಹೆಸರಿನ ಅನುಕೂಲಕ್ಕೋ, ಜೊತೆಗಿರುವವರ ಅನುಕೂಲಕ್ಕೋ?

ಶಾ ಬದುಕಿನ ಮೊದಲ ಮೂರು ತಿರುವುಗಳಿಗೆ ಈ ಅಳತೆಗೋಲು ಹಿಡಿದರೆ ಅವರು ನಿಲ್ಲುತ್ತಾರೆ. ಚರ್ಚಿನಲ್ಲಿ ಗೋಥಿಕ್ ಬಿಡಲಿಲ್ಲ. ಸ್ಟಾಫರ್ಡ್‌ಷೈರಿನ ಲೀಕ್ ಪಟ್ಟಣದಲ್ಲಿ 1880ರ ದಶಕದಲ್ಲೂ ಅದೇ ಶೈಲಿಯಲ್ಲಿ ಒಂದು ಚರ್ಚು ಕಟ್ಟಿದರು. ಅಲ್ಲಿ ಅದು ಹೊಂದುತ್ತದೆ ಅನ್ನಿಸಿತ್ತು. ಹೊಲಗದ್ದೆಯ ನಡುವೆ ಹೆಂಚು ಮತ್ತು ಮರ, ಪೇಟೆಯ ಕತ್ತಲಿಗೆ ಗಾಜು ಮತ್ತು ಇಟ್ಟಿಗೆ. ಚಿಮಣಿ ಹೊಗೆಯನ್ನು ಸರಿಯಾಗಿ ಎಳೆಯುತ್ತದೆಯೆ, ಬಚ್ಚಲಿನ ಮತ್ತು ಕಕ್ಕಸಿನ ಕೊಳವೆಯ ಗಾಳಿ ಮಲಗುವ ಕೋಣೆಗೆ ಬರದಂತೆ ಏನು ಮಾಡಬೇಕು ಎಂಬುದರಲ್ಲಿ ಅವರಿಗೆ ತೀರದ ಆಸಕ್ತಿ. ಲಂಡನ್ನಿನಲ್ಲಿ ಟೈಫಾಯ್ಡ್ ಭಯ ಮನೆಮನೆಯಲ್ಲೂ ಇದ್ದ ಕಾಲವದು. ರಾಯಲ್ ಅಕಾಡೆಮಿಯ ಸದಸ್ಯರಾದ ದೊಡ್ಡ ಮನುಷ್ಯ ಕೊಳವೆಯ ಬಗ್ಗೆ ಯೋಚಿಸುವುದನ್ನು ಕೀಳೆಂದುಕೊಳ್ಳಲಿಲ್ಲ.

ಶಿಷ್ಯರ ವಿಷಯದಲ್ಲೂ ಇದೇ ಗೃಹಸ್ಥಬುದ್ಧಿ. ಅವರ ಕಚೇರಿಯಿಂದ ನ್ಯೂಟನ್, ಪ್ರಯರ್, ಮಕಾರ್ಟ್ನಿ, ಲೆಥಬಿ ಮುಂತಾದವರು ಬಂದರು. ಆ ಹುಡುಗರು ಕೂಡಿಕೊಂಡು ಕಟ್ಟಿದ ಸಣ್ಣ ಸಂಘವೊಂದರಿಂದಲೇ 1884ರಲ್ಲಿ ಆರ್ಟ್ ವರ್ಕರ್ಸ್ ಗಿಲ್ಡ್ ಹುಟ್ಟಿತು. ಯಾರೂ ಗುರುವಿನ ಪಡಿಯಚ್ಚಾಗಲಿಲ್ಲ. ಗುರುವೇ ಒಂದು ಅಚ್ಚಿನಲ್ಲಿ ನಿಲ್ಲದಿದ್ದ ಮೇಲೆ ಶಿಷ್ಯರು ಯಾವುದನ್ನು ನಕಲು ಮಾಡಿಯಾರು? ಚಿತ್ರಚೌಕಟ್ಟು ಮಾಡುವವರ ಮನೆಯಿಂದ ಬಂದ ಲೆಥಬಿ ಹತ್ತು ವರ್ಷ ಶಾ ಅವರ ಮುಖ್ಯ ಸಹಾಯಕರಾಗಿದ್ದರು. ಕ್ರಾಗ್‌ಸೈಡಿನ ಆ ಹತ್ತು ಟನ್ ಬೆಂಕಿಗೂಡು ಅವರದೇ ಕಲ್ಪನೆ. ಅವರು ಸ್ವಂತ ಕೆಲಸ ಶುರು ಮಾಡುವ ಹೊತ್ತಿಗೆ ಶಾ ಹಾರೈಸಿ ಕೈತೊಳೆದುಕೊಳ್ಳಲಿಲ್ಲ. ಹ್ಯಾಂಪ್‌ಷೈರಿನ ಆವನ್ ಟಿರಲ್ ಎಂಬ ದೊಡ್ಡ ಮನೆಯ ಕೆಲಸವನ್ನೇ ಅವರ ಕಡೆಗೆ ಸರಿಸಿದರು. ಕೈಗೆ ಬಂದ ಗಿರಾಕಿಯನ್ನು ಕಿರಿಯರಿಗೆ ಬಿಟ್ಟುಕೊಡುವುದು ಎಷ್ಟು ಕಷ್ಟವೆಂದು ವೃತ್ತಿಯಲ್ಲಿರುವವರಿಗೆ ಗೊತ್ತು.

ನಾಲ್ಕನೆಯ ತಿರುವು 1880ರ ದಶಕದ ಕೊನೆಗೆ ಬಂತು. ಥೇಮ್ಸ್ ದಂಡೆಯಲ್ಲಿ ಲಂಡನ್ ಪೊಲೀಸರಿಗೆ ನ್ಯೂ ಸ್ಕಾಟ್‌ಲ್ಯಾಂಡ್ ಯಾರ್ಡ್ ಕಟ್ಟಡ ಎದ್ದಿತು. ಕೆಳಗೆ ಗ್ರಾನೈಟ್, ಮೇಲೆ ಕೆಂಪು ಇಟ್ಟಿಗೆ ಮತ್ತು ಬಿಳಿ ಕಲ್ಲಿನ ಪಟ್ಟೆ, ಮೂಲೆಗಳಲ್ಲಿ ಅವರ ಹುಟ್ಟೂರಿನ ಕಡೆಯ ಕೋಟೆಗಳಂತೆ ದುಂಡು ಗೋಪುರ. ಡಾರ್ಟ್‌ಮೂರ್ ಸೆರೆಮನೆಯ ಕೈದಿಗಳು ಒಡೆದ ಕಲ್ಲಿನ ಮೇಲೆ ಪೊಲೀಸರ ಕಚೇರಿ ಕೂತಿತು. 1890ರಲ್ಲಿ ಬಂದ ಪೊಲೀಸರು 1967ರಲ್ಲಿ ಹೊರಟುಹೋದರು, ಈಗ ಅಲ್ಲಿ ಪಾರ್ಲಿಮೆಂಟ್ ಸದಸ್ಯರ ಕಚೇರಿಗಳಿವೆ, ಕಟ್ಟಡಕ್ಕೆ ಶಾ ಹೆಸರೇ ಇದೆ. ಅದೇ ಸುಮಾರಿಗೆ ಕ್ವೀನ್ಸ್ ಗೇಟ್ ರಸ್ತೆಯ 170ನೆಯ ಮನೆ ಮುಗಿಯಿತು. ಎಡಕ್ಕೆಷ್ಟೋ ಬಲಕ್ಕಷ್ಟೇ, ಸಾಲು ಕಿಟಕಿ, ಶಿಸ್ತಿನ ಮಾಡು. ಹಳ್ಳಿಮನೆಯ ಸೊಟ್ಟಪಟ್ಟ ಸೊಗಸಿನ ಗುರುತೇ ಇಲ್ಲ. ಆಮೇಲೆ ಡಾರ್ಸೆಟ್ಟಿನ ಬ್ರಯನ್‌ಸ್ಟನ್, ಅರಮನೆಯಷ್ಟು ದೊಡ್ಡದು, 1928ರಿಂದ ಶಾಲೆ. ಯಾವ ಕಂಬ ಕಮಾನುಗಳನ್ನು ಅನ್ಯರ ಸೊತ್ತೆಂದು ಪ್ಯೂಜಿನ್ ಹೊರಗಟ್ಟಿದ್ದರೋ ಅವೇ ಮತ್ತೆ ಒಳಗೆ ಬಂದವು. ಬಾಗಿಲು ತೆರೆದವರು ಸ್ಟ್ರೀಟ್ ಕಚೇರಿಯ ಹಳೆಯ ಸಹಾಯಕ. ಇವೆಲ್ಲ ನೋಡಲು ಭವ್ಯ, ಸಂದೇಹವಿಲ್ಲ. ಆದರೆ ಇಲ್ಲಿಂದ ಮುಂದೆ ಕಟ್ಟಡದ ಮುಖ ದೊಡ್ಡದಾಗುತ್ತ, ಅದರ ಹಿಂದೆ ಕೂರುವ ಮನುಷ್ಯ ಸಣ್ಣವನಾಗುತ್ತ ಬಂದ ಹಾಗೆ ನನಗೆ ಕಾಣುತ್ತದೆ.

ಶಾ 1890ರ ದಶಕದಲ್ಲಿ ನಿತ್ಯದ ವೃತ್ತಿಯಿಂದ ಹಿಂದೆ ಸರಿದರು. ಆರೋಗ್ಯ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಎಪ್ಪತ್ತು ದಾಟಿದ ಮೇಲೆ ಸರ್ಕಾರ ಅವರನ್ನು ಮತ್ತೆ ಕರೆಯಿತು. ಜಾನ್ ನ್ಯಾಶ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ್ದ ರೀಜೆಂಟ್ ಸ್ಟ್ರೀಟಿನ ಗುತ್ತಿಗೆಗಳು ತೀರುತ್ತ ಬಂದಿದ್ದವು, ಬೀದಿ ರಾಜಸೊತ್ತು. ಬಿಲ್ಲಿನಂತೆ ಬಾಗುವ ಅದರ ಕ್ವಾಡ್ರೆಂಟ್ ಎಂಬ ಭಾಗವನ್ನು ಹೊಸದಾಗಿ ಕಟ್ಟಬೇಕಿತ್ತು. ಶಾ ಬರೆದ ನಕ್ಷೆ ರೋಮ್ ನಗರಕ್ಕೆ ಒಪ್ಪುವಂಥದು: ದಪ್ಪ ಕಲ್ಲಿನ ಕಮಾನುಗಳ ಸಾಲು, ಮೇಲೆ ಜೋಡಿ ಕಂಬಗಳು. ಮೊದಲ ತುಂಡಾಗಿ ಪಿಕಡಿಲಿ ಹೋಟೆಲು 1905ರಿಂದ 08ರೊಳಗೆ ಎದ್ದಿತು. ಅದನ್ನು ನೋಡಿದ ಬೀದಿಯ ಅಂಗಡಿಯವರು ಗುಲ್ಲೆಬ್ಬಿಸಿದರು. ಈ ಕಂಬಗಳ ನಡುವೆ ಸರಕು ಇಟ್ಟು ತೋರಿಸಲು ಜಾಗವೆಲ್ಲಿ? ಒಳಗೆ ಬೆಳಕೆಲ್ಲಿ? ಕಟ್ಟುವ ಖರ್ಚು ಕೊಡುವವರು ಯಾರು? ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದು ಶಾ ಕೈಬಿಟ್ಟರು.

ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಈ ಪ್ರಸಂಗ ಬಂದಾಗ ವ್ಯಾಪಾರಿಗಳ ಅಲ್ಪಬುದ್ಧಿಗೆ ಒಂದು ಮಹಾಕೃತಿ ಬಲಿಯಾಯಿತೆಂಬ ನಿಟ್ಟುಸಿರು ಕೇಳುತ್ತದೆ. ನಾನು ಅಂಗಡಿಯವರ ಪಕ್ಷ. ಅವರ ದೂರು ಹೊಸದೂ ಆಗಿರಲಿಲ್ಲ. ಅದೇ ಬೀದಿಯ ಅದೇ ತಿರುವಿನಲ್ಲಿ ನ್ಯಾಶ್ ನಿಲ್ಲಿಸಿದ್ದ ಕಂಬಸಾಲನ್ನು, ಅಂಗಡಿಗಳು ಕತ್ತಲಾಗುತ್ತವೆಂಬ ದೂರು ಬಂದು, 1848ರಲ್ಲಿ ತೆಗೆಸಿದ್ದರು. ಸರಕು ಮಾರಿ ಬದುಕುವವರಿಗೆ ಕಿಟಕಿ ಎಂದರೆ ಅಲಂಕಾರವಲ್ಲ, ಅನ್ನ. ಲೆಡನ್‌ಹಾಲ್ ಸ್ಟ್ರೀಟಿನ ಗುಮಾಸ್ತರಿಗೆ ಇಪ್ಸ್‌ವಿಚ್ಚಿನಿಂದ ಬೆಳಕು ಹುಡುಕಿ ತಂದ ನಲವತ್ತರ ಹರೆಯದ ಶಾ ಈ ದೂರನ್ನು ಒಂದು ನಿಮಿಷದಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದರು. ಎಪ್ಪತ್ತೈದರ ಶಾ ಅವರಿಗೆ ಅದು ಕೇಳಿಸಲಿಲ್ಲ. ಅವರು 1912ರ ನವೆಂಬರಿನಲ್ಲಿ ತೀರಿಕೊಂಡರು. ಕ್ವಾಡ್ರೆಂಟಿನ ಉಳಿದ ಭಾಗ ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ ಕೈಗೆ ಹೋಗಿ 1920ರ ದಶಕದಲ್ಲಿ ಮುಗಿಯಿತು. ಅವರು ಶಾ ಹಾಕಿದ ಎತ್ತರ ಅಗಲಗಳ ಲೆಕ್ಕವನ್ನು ಹೆಚ್ಚುಕಡಿಮೆ ಉಳಿಸಿಕೊಂಡು, ಅಂಗಡಿಗಳ ಕಿಟಕಿಯನ್ನು ದೊಡ್ಡದು ಮಾಡಿದರು.